ಕಫೀಲನ ಪೋಸ್ಟ್ ಬಾಕ್ಸಿಗೆ ಬಂದ ಪಾರ್ಸೆಲ್

ಹೆದರಿಕೆ ಎಂಬುದು ಧನರಾಜ್ ಸುವರ್ಣರಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಗಲ್ಲಾ ಪೆಟ್ಟಿಗೆಯ ಮುಂದೆ ಕೂತವರು. ಪೊಲೀಸರು ಬರೀ ಚಹಾ ಕುಡಿಯಲು ಬಂದರೂ ಹಿಂಬಾಗಿಲಿನಿಂದ ಹೊರಗೆ ಹೋಗಿ ನಿಲ್ಲುತ್ತಿದ್ದರಂತೆ. ಅಂಥವರ ಮಗ ಕುವೈತಿನಂಥ ಪರದೇಶದಲ್ಲಿ ಅರ್ಧ ಆಯುಷ್ಯ ಕಳೆದದ್ದು ಹೇಗೆ ಎಂದರೆ, ಹೆದರಿ ಹೆದರಿಯೇ. ಇಕಾಮಾದ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯ, ಜೆರಾಕ್ಸ್ ಪ್ರತಿ ಅವರ ಪರ್ಸಿನಲ್ಲಿದೆ, ಊಟದ ಚೀಲದಲ್ಲಿದೆ, ಫರ್ವಾನಿಯಾದ ಫ್ಲ್ಯಾಟಿನ ದೇವರ ಪಟದ ಹಿಂದೆಯೂ ಇದೆ. ಶುಕ್ರವಾರದ ಪಿಕ್ನಿಕ್ಕಿನಲ್ಲಿ ಊರವರೆಲ್ಲ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ ಕೂತರೆ ಇವರು ಕಾವಲುಗಾರನನ್ನು ಹುಡುಕಿಕೊಂಡು ಹೋಗುತ್ತಾರೆ, ಕೂರಬಹುದೋ ಎಂದು ಕೇಳಿ ಬರಲು. ಊರವರ ಸಂಘದ ಹುಡುಗರು ಅವರ ಬೆನ್ನ ಹಿಂದೆ ನಗುತ್ತಾರೆ. ನಗಲಿ. ಹಾಗೆ ನಗುತ್ತಿದ್ದವರಲ್ಲಿ ಎಷ್ಟೋ ಮಂದಿ ಒಂದು ಸಹಿ, ಒಂದು ಜಗಳ, ಒಂದು ಫೋಟೋದ ಕಾರಣಕ್ಕೆ ಊರಿಗೆ ವಾಪಸಾಗಿದ್ದಾರೆ. ಧನರಾಜರು ಇನ್ನೂ ಇದ್ದಾರೆ.

ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಅವರು ಸ್ಟೋರ್ ಕೀಪರ್. ಮಾಲೀಕರು ಅಬು ನಾಸರ್. ಅವರೇ ಕಫೀಲ್, ಅಂದರೆ ಧನರಾಜರ ಇಕಾಮಾಕ್ಕೆ ಸಹಿ ಹಾಕುವವರು. ಧನರಾಜರ ಇಕಾಮಾದ ಮೇಲೆ ಹೆಂಡತಿ ಆಶಾಲತಾ, ಮಗಳು ದೀಕ್ಷಿತಾ ನಿಂತಿದ್ದಾರೆ. ಬುಡ ಅಲುಗಿದರೆ ಮರವೇ ಬೀಳುತ್ತದೆ. ದೀಕ್ಷಿತಾ ಈಗ ಹನ್ನೊಂದನೇ ತರಗತಿ. ಬರುವ ವರ್ಷ ಬೋರ್ಡ್ ಪರೀಕ್ಷೆ. ಅಷ್ಟರೊಳಗೆ ಏನೂ ಆಗಬಾರದು ಎಂಬುದೊಂದೇ ಧನರಾಜರ ದಿನನಿತ್ಯದ ಪ್ರಾರ್ಥನೆ.

ಆದದ್ದು ಒಂದು ವಿಳಾಸದಿಂದ. ಕುವೈತಿನಲ್ಲಿ ಇವರಂಥವರ ಮನೆಬಾಗಿಲಿಗೆ ಅಂಚೆಯವ ಬರುವುದಿಲ್ಲ. ಕಂಪನಿಗೊಂದು ಪೋಸ್ಟ್ ಬಾಕ್ಸ್ ಇರುತ್ತದೆ, ಅಲ್ಲಿ ದುಡಿಯುವವರ ಹೆಂಡತಿ ಮಕ್ಕಳಿಗೂ ಅದೇ ವಿಳಾಸ. ದೀಕ್ಷಿತಾ ಎಲ್‌ಕೆಜಿ ಸೇರಿದಂದಿನಿಂದ ಪ್ರತಿ ಅರ್ಜಿಯಲ್ಲೂ ಅಬು ನಾಸರರ ಬಾಕ್ಸ್ ನಂಬರನ್ನೇ ಬರೆದು ಬೆಳೆದವಳು. ಆದರೆ ಈಚೆಗೆ ಪಕ್ಕದ ಬೀದಿಯ ಗ್ಯಾರೇಜೊಂದರ ಬಾಕ್ಸಿಗೆ ಯಾರದೋ ಹೆಸರಿನಲ್ಲಿ ನಶೆಯ ಮಾತ್ರೆಗಳು ಬಂದು, ಅದರ ಮಾಲೀಕನೇ ಪೊಲೀಸ್ ಠಾಣೆಗೆ ಅಲೆಯುವಂತಾಯಿತು. ಅಬು ನಾಸರ್ ಮರುದಿನವೇ ಎಲ್ಲರನ್ನೂ ನಿಲ್ಲಿಸಿ, ಇನ್ನು ಮುಂದೆ ನನ್ನ ಬಾಕ್ಸಿಗೆ ಯಾರ ಖಾಸಗಿ ಪಾರ್ಸೆಲ್ಲೂ ಬರಕೂಡದು ಎಂದು ಅಪ್ಪಣೆ ಮಾಡಿದರು. ಧನರಾಜರು ಇದನ್ನು ಮನೆಯಲ್ಲಿ ಹೇಳಲಿಲ್ಲ. ನಮಗೆ ಪಾರ್ಸೆಲ್ ಕಳಿಸುವ ಪುಣ್ಯಾತ್ಮ ಯಾರಿದ್ದಾನೆ ಎಂದುಕೊಂಡರು.

ಒಂದು ಭಾನುವಾರ ಸಂಜೆ ಊಟದ ಮೇಜಿನಲ್ಲಿ ದೀಕ್ಷಿತಾ ಹೇಳಿದಳು, "ಪಪ್ಪ, ಗೆಸ್ ವಾಟ್! ನನ್ನ ಎಸ್ಸೇಗೆ ಪ್ರೈಜ್ ಬಂತು. ದೇ ಆರ್ ಸೆಂಡಿಂಗ್ ಎ ಬುಕ್."

"ಯಾರು?"

"ಆ ಸೆಂಟರಿನವರು. ಸಂಡೇ ಕ್ಲಾಸಿನವರು. ಹೋಲೋಕಾಸ್ಟ್ ಸೆಂಟರ್."

ಧನರಾಜರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಮಗಳು ಭಾನುವಾರ ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂರುವುದು ಗೊತ್ತಿತ್ತು. ಇಂಗ್ಲಿಷ್ ಕ್ಲಾಸ್ ಇರಬೇಕು ಎಂದುಕೊಂಡಿದ್ದರು. ಮಗಳು ಈಗ ಬಿಡಿಸಿ ಹೇಳಿದಳು, ಅದು ಕೆನಡಾದ ಒಂದು ಚಿಕ್ಕ ಊರಿನ ಸಮುದಾಯ ಕೇಂದ್ರ. ಹಿಂದೆ ಬೇಕರಿಯಾಗಿದ್ದ ಕಟ್ಟಡದಲ್ಲಿ ನಾಲ್ಕು ಸಾಲು ಕುರ್ಚಿ, ಗೋಡೆಯ ತುಂಬ ಸತ್ತವರ ಫೋಟೋ. ಹಿಟ್ಲರನ ಕಾಲದಲ್ಲಿ ಅರವತ್ತು ಲಕ್ಷ ಯಹೂದಿಗಳನ್ನು ಹಿಡಿದು ಹಿಡಿದು ಕೊಂದ ಕತೆಯನ್ನು ಮಕ್ಕಳಿಗೆ ತಿಳಿಸಲಿಕ್ಕೆ, ಸತ್ತವರನ್ನು ಮರೆಯದೆ ಇರಲಿಕ್ಕೆ ಕಟ್ಟಿಕೊಂಡದ್ದು. ಬದುಕುಳಿದ ಒಂದಿಬ್ಬರು ಮುದುಕಿಯರು ಈಗಲೂ ಬಂದು ಕೂತು ಮಾತಾಡುತ್ತಾರೆ. ಬೇರೆ ಬೇರೆ ದೇಶಗಳ ಮಕ್ಕಳು ಆನ್‌ಲೈನಿನಲ್ಲಿ ಕೇಳುತ್ತಾರೆ. ದೀಕ್ಷಿತಾ ತಾನಾಗಿಯೇ ಹುಡುಕಿ ಸೇರಿಕೊಂಡಿದ್ದಳು.

"ಅದು ಇಸ್ರೇಲಿನದ್ದಾ?" ಎಂದರು ಧನರಾಜರು. ಆ ಹೆಸರನ್ನು ಹೇಳುವಾಗ ತಮ್ಮ ಮನೆಯೊಳಗೇ ದನಿ ತಗ್ಗಿಸಿದರು.

"ನೋ ಪಪ್ಪ, ಕೆನಡಾ. ಎಷ್ಟು ಸಲ ಹೇಳ್ಬೇಕು?"

"ಅಡ್ರೆಸ್ ಯಾವುದು ಕೊಟ್ಟೆ?"

"ನಮ್ಮದು. ವಾಟ್ ಎಲ್ಸ್? ಬಾಕ್ಸ್ ನಂಬರ್."

ಇಸ್ರೇಲಿನ ಜೊತೆ ಯಾವ ವ್ಯವಹಾರವೂ ಇರಕೂಡದೆಂಬ ಕಾನೂನು ಈ ದೇಶದಲ್ಲಿದೆ. ಕೆನಡಾದ ಒಂದು ಬೇಕರಿ ಕಟ್ಟಡಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಅದನ್ನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು, ಬಾರದ ಅರಬ್ಬಿಯಲ್ಲಿ ಹೇಳಬೇಕಾದವರು ತಾವು ಎಂಬುದು ಧನರಾಜರ ಕಣ್ಣಿಗೆ ಕಟ್ಟಿತು. ಅದರ ಮೇಲೆ ಕಾಲವೂ ಎಂಥದು! ಆಫೀಸಿನ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಜಾ. ಕುಸಿದ ಮನೆಗಳು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳು. ಅಬು ನಾಸರ್ ನೋಡಿ ನೋಡಿ ಮುಖಕ್ಕೆ ಕೈ ಹಿಡಿದು ಕೂರುತ್ತಿದ್ದರು. ಅಂಥ ಮೇಜಿನ ಮೇಲೆ ಯಹೂದಿಗಳ ನಕ್ಷತ್ರ ಅಂಟಿಸಿದ ಪಾರ್ಸೆಲ್ ಬಂದು ಬೀಳುವುದೇ?

ಧನರಾಜರು ಕೈ ತೊಳೆದು ದೇವರ ಪಟದ ಮುಂದೆ ನಿಂತರು. ಊರಿನ ದೈವ ಕೊರಗಜ್ಜನಿಗೆ ಹರಕೆ ಹೇಳಿದರು. ಪಾರ್ಸೆಲ್ ದಾರಿಯಲ್ಲೇ ಕಳೆದುಹೋದರೆ ಮುಂದಿನ ರಜೆಯಲ್ಲಿ ಚಕ್ಕುಲಿ, ವೀಳ್ಯ ಇಡುತ್ತೇನೆ ಎಂದರು. ಆಶಾಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು.

"ನಿಮಗೆ ಮಂಡೆ ಸಮ ಉಂಟಾ? ಕಳೆದದ್ದನ್ನು ಹುಡುಕಿ ಕೊಡುವ ಅಜ್ಜನ ಹತ್ತಿರ ಕಳೆದು ಹೋಗ್ಲಿ ಅಂತ ಕೇಳುವುದಾ? ಈಗ ಕಳೆದು ಹೋಗುವುದಿದ್ರೂ ಅಜ್ಜ ಹುಡುಕಿ ತಂದು ಕೊಡ್ತಾರೆ, ನೋಡಿ."

ಧನರಾಜರಿಗೆ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಅಜ್ಜನಿಗೇ ತಪ್ಪು ಹರಕೆ ಹೊತ್ತಾಯಿತಲ್ಲ!

ಕಂಪನಿಯ ಬಾಕ್ಸಿನ ಕೀ ಇದ್ದದ್ದು ಅಹ್ಮದ್ ಬಾವಾರ ಹತ್ತಿರ. ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನರು, ಆಫೀಸಿನ ಡ್ರೈವರ್. ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಟಪಾಲು ತರುವುದು ಅವರ ಕೆಲಸ. ಧನರಾಜರಿಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು. ಇಬ್ಬರೂ ಒಂದೇ ವರ್ಷ ಕುವೈತಿಗೆ ಬಂದವರು, ಒಂದೇ ಕೋಣೆಯಲ್ಲಿ ಮಲಗಿದವರು. ದೀಕ್ಷಿತಾ ಹುಟ್ಟಿದ ದಿನ ಊರೆಲ್ಲ ಧೂಳಿನ ಬಿರುಗಾಳಿ. ರಸ್ತೆಯೇ ಕಾಣದ ಹೊತ್ತಿನಲ್ಲಿ ಆಶಾಲತಾರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಬಾವಾರೇ. ಕೊರೋನಾದ ಕರ್ಫ್ಯೂನಲ್ಲಿ ಫರ್ವಾನಿಯಾಕ್ಕೆ ಬೇಲಿ ಹಾಕಿದಾಗ ಬೇಲಿಯಾಚೆಯಿಂದ ಅಕ್ಕಿ ದಾಟಿಸಿದವರೂ ಅವರೇ. ಅವರಿಗೆ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಪಾರ್ಸೆಲ್ ಬಂದರೆ ನೇರ ನನ್ನ ಕೈಗೆ ಕೊಡಿ ಎಂದರೆ ಸಾಕಿತ್ತು.

ಧನರಾಜರು ಹೇಳಲಿಲ್ಲ. ಹೇಳಲೆಂದು ಹೋಗಿ ಹೋಗಿ ತಿರುಗಿ ಬಂದರು. ಬಾವಾರು ಗಾಜಾದ ಸುದ್ದಿ ಬಂದಾಗ ಚಹಾದ ಲೋಟವನ್ನು ಅಲ್ಲೇ ಇಟ್ಟು ಎದ್ದು ಹೋಗುತ್ತಿದ್ದರು. ಒಂದು ದಿನ ಕಣ್ಣು ಒರೆಸಿಕೊಂಡದ್ದನ್ನೂ ಧನರಾಜರು ನೋಡಿದ್ದರು. ಇಂಥವರ ಮುಂದೆ ನನ್ನ ಮಗಳಿಗೆ ಯಹೂದಿಗಳ ಸೆಂಟರಿನಿಂದ ಬಹುಮಾನ ಬಂದಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಎಷ್ಟಾದರೂ ಅವರು ಅವರೇ, ನಾವು ನಾವೇ ಎಂಬ ಮಾತು ಊರಿನ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಬರುತ್ತಿತ್ತು. ಧನರಾಜರು ಅಂಥದ್ದನ್ನು ಮುಂದೆ ಕಳಿಸಿದವರಲ್ಲ. ಓದಿದವರು ಮಾತ್ರ. ಓದಿದ್ದು ಎಲ್ಲಿಯೋ ಒಳಗೆ ಕೂತಿತ್ತು.

ಹೇಳುವ ಬದಲು ಕಾವಲು ಕಾಯತೊಡಗಿದರು. ಬಾವಾರ ಕಾರು ಬರುವ ಹೊತ್ತಿಗೆ ಸ್ಟೋರ್ ಬಿಟ್ಟು ಗೇಟಿನಲ್ಲಿ ನಿಲ್ಲುವುದು, ಟಪಾಲಿನ ಕಟ್ಟಿನ ಮೇಲೆ ಕಣ್ಣಾಡಿಸುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಇವರು ಹೆಗಲು ಉಜ್ಜಿಕೊಳ್ಳುತ್ತಿದ್ದರು.

"ಎಂತ ಧನು, ಊರಿಂದ ಏನಾದ್ರೂ ಬರ್ಲಿಕ್ಕುಂಟಾ?" ಎಂದು ಬಾವಾರು ಕೇಳಿದರು.

"ಇಲ್ಲ ಬಾವಾಕ. ಸುಮ್ಮನೆ. ಗಾಳಿಗೆ ನಿಂತದ್ದು."

ಜುಲೈ ತಿಂಗಳ ಶುವೈಖಿನಲ್ಲಿ ಗಾಳಿಗೆ ನಿಂತೆ ಎಂದವನನ್ನು ಯಾರು ನಂಬುತ್ತಾರೆ? ಬಾವಾರು ಒಂದು ಕ್ಷಣ ಮುಖ ನೋಡಿ ಒಳಗೆ ಹೋದರು.

ಪಾರ್ಸೆಲ್ ಬಂದದ್ದು ಧನರಾಜರು ಇಲ್ಲದ ದಿನವೇ. ಅಂದು ರಾಯ್‌ನಲ್ಲಿರುವ ಕಂಪನಿಯ ಶೋರೂಮಿಗೆ ಸ್ಟಾಕ್ ನೋಡಲು ಹೋಗಿದ್ದರು. ಮಧ್ಯಾಹ್ನ ವಾಪಸು ಬಂದವರನ್ನು ಅಕೌಂಟೆಂಟ್ ಶ್ಯಾಮಸುಂದರ್ ಅವರ ಫೋನು ಅಬು ನಾಸರರ ಕೋಣೆಗೆ ಕರೆಯಿತು. ಶ್ಯಾಮಸುಂದರ್ ಮೈಸೂರಿನವರು, ಕಂಪನಿಯ ಹಳೆಯ ಮನುಷ್ಯ. ಕೋಣೆಯಲ್ಲಿ ಅವರಿದ್ದರು, ಬಾವಾರಿದ್ದರು. ಅಬು ನಾಸರರ ಕೈಯಲ್ಲಿ ಮೊಬೈಲ್ ಇತ್ತು. ಕೆನಡಾದಿಂದ ಬಾಕ್ಸಿಗೆ ಬಂದ ಪಾರ್ಸೆಲ್ ಕೊಟ್ಟಾಗಿದೆ ಎಂದು ಅಂಚೆ ಕಚೇರಿಯಿಂದ ಅದಕ್ಕೆ ಮೆಸೇಜ್ ಬಂದಿತ್ತು. ಪಾರ್ಸೆಲ್ ಮಾತ್ರ ಮೇಜಿನ ಮೇಲೆ ಇರಲಿಲ್ಲ.

ಅಬು ನಾಸರರದು ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರೂ ಕಲಸಿದ ಮಾತು; ಕೆಲಸದವರಿಗೆಲ್ಲ ಅವರು 'ಬಾಬಾ'. "ಬಾವಾ, ಪಾರ್ಸೆಲ್ ಎಲ್ಲಿ?" ಎಂದರು.

"ನನ್ನದು ಬಾಬಾ. ನನ್ನ ಹೆಸರಿಗೆ ಬಂದದ್ದು."

"ಕೆನಡಾದಿಂದ? ಕೆನಡಾದಲ್ಲಿ ನಿನಗೆ ಯಾರಿದ್ದಾರೆ?"

ಬಾವಾರು ಧನರಾಜರ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲದ ಟೈಲ್ಸ್ ನೋಡುತ್ತ ನಿಂತರು. ಆ ಒಂದು ನೋಟದಲ್ಲಿ ಧನರಾಜರಿಗೆ ಎಲ್ಲವೂ ತಿಳಿಯಿತು.

"ಒಳಗೆ ಏನಿತ್ತು?"

"ಸಾಮಾನು."

"ತೆಗೆದುಕೊಂಡು ಬಾ."

"ಇಲ್ಲ ಬಾಬಾ. ಬಿಸಾಡಿದೆ."

ಶ್ಯಾಮಸುಂದರ್ ಕನ್ನಡದಲ್ಲಿ ಮೆಲ್ಲಗೆ ಹೇಳಿದರು, "ಏನಿತ್ತು ಅಂತ ಹೇಳ್ಬಿಡ್ರೀ ಬಾವಾ ಅತ್ಲಾಗೆ. ಆ ಗ್ಯಾರೇಜಿನ ಕೇಸು ಗೊತ್ತಲ್ಲ ನಿಮ್ಗೆ? ಹಿಂಗೆ ಸುಮ್ನಿದ್ರೆ ಮಾತ್ರೆ ಅಂತಾನೇ ಅಂದ್ಕೋತಾರೆ."

ಮಾತ್ರೆ. ನಶೆಯ ಮಾತ್ರೆಯ ಕೇಸಿನಲ್ಲಿ ಜೈಲಿಗೆ ಹೋದವರು ಯಾವಾಗ ಹೊರಗೆ ಬರುತ್ತಾರೆಂದು ದೇವರಿಗೇ ಗೊತ್ತು. ಈಗ ಬಾಯಿ ಬಿಡಬೇಕು. 'ಅದು ನನ್ನ ಮಗಳ ಪುಸ್ತಕ' ಎನ್ನಬೇಕು. ಆದರೆ ಕಣ್ಣ ಮುಂದೆ ಇಕಾಮಾ ಬಂತು, ಬೋರ್ಡ್ ಪರೀಕ್ಷೆ ಬಂತು, ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತ ಆಶಾಲತಾ ಬಂದರು. ಧನರಾಜರು ಸ್ಟಾಕಿನ ಫೈಲನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತರು.

"ಬಾಕ್ಸಿನ ಕೀ, ಕಾರಿನ ಕೀ ಇಲ್ಲಿಡು," ಎಂದರು ಅಬು ನಾಸರ್. "ಮನೆಗೆ ಹೋಗು. ನಾಳೆ ಬೆಳಿಗ್ಗೆ ಬಂದು ನಿಜ ಹೇಳು. ಹೇಳದಿದ್ದರೆ ನಾನು ಪೊಲೀಸರಿಗೆ ಹೇಳುತ್ತೇನೆ. ಖಲಾಸ್."

ಬಾವಾರು ಎರಡೂ ಕೀ ಮೇಜಿನ ಮೇಲಿಟ್ಟು ಹೊರಟುಹೋದರು. ಸ್ಟೋರಿಗೆ ಹಿಂತಿರುಗಿದ ಧನರಾಜರು ತಮ್ಮ ಕುರ್ಚಿಯ ಹಿಂದಿನ ರ್‍ಯಾಕಿನಲ್ಲಿ, ಕ್ಲಚ್ ಪ್ಲೇಟಿನ ಪೆಟ್ಟಿಗೆಗಳ ಸಂದಿಯಲ್ಲಿ ಒಂದು ಹೊಸ ಪೊಟ್ಟಣ ಕಂಡರು. ದಪ್ಪ ಕಂದು ಕಾಗದ. ಮೇಲೆ ಮಗಳ ಹೆಸರು, ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ ಮತ್ತು ಆರು ಮೂಲೆಯ ನಕ್ಷತ್ರ. ಕೈಗೆ ಕೊಡಲು ಬಂದ ಬಾವಾರು ಇವರಿಲ್ಲದ್ದನ್ನು ನೋಡಿ ಅಡಗಿಸಿಟ್ಟು ಹೋಗಿದ್ದರು. ಧನರಾಜರು ಅದನ್ನು ಇನ್ನೂ ಒಳಕ್ಕೆ ತಳ್ಳಿದರು. ಮುಂದೆ ಎರಡು ಪೆಟ್ಟಿಗೆ ಅಡ್ಡ ಇಟ್ಟರು. ನಾಚಿಕೆಗೇಡಿನ ಕೆಲಸ ಎಂದು ಕೈಗೆ ಗೊತ್ತಿತ್ತು, ಆದರೂ ಇಟ್ಟಿತು.

ಸಂಜೆ ಮನೆಯಲ್ಲಿ ಹೆಂಡತಿ, ಮಗಳು ಇಬ್ಬರಿಗೂ ಹೇಳಿದರು. ಹೇಳಿದ ಮೇಲೆ ಸಮಾಧಾನವೂ ತಾವೇ ಮಾಡಿಕೊಂಡರು. ಬಾವಾರು ಹೇಗಾದರೂ ಸಂಭಾಳಿಸುತ್ತಾರೆ, ಅಬು ನಾಸರರಿಗೆ ಅವರ ಮೇಲೆ ಪ್ರೀತಿ ಉಂಟು, ನಾಳೆಗೆ ಸಿಟ್ಟು ಇಳಿಯುತ್ತದೆ ಎಂದೆಲ್ಲ ಹೇಳಿದರು. ಆಶಾಲತಾ ಬಡಿಸಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು.

ದೀಕ್ಷಿತಾ ತಟ್ಟೆ ಮುಟ್ಟಲಿಲ್ಲ. "ಪಪ್ಪ, ನಾನು ಎಸ್ಸೇಯಲ್ಲಿ ಎಂತ ಬರೆದದ್ದು ಗೊತ್ತುಂಟಾ?" ಎಂದಳು. ಆ ಮಗು ಕನ್ನಡದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅಪರೂಪ. "ಸೆಂಟರಿಗೆ ಮಾರ್ತಾ ಅಂತ ಒಬ್ರು ಅಜ್ಜಿ ಬರ್ತಾರೆ. ಅವ್ರು ಚಿಕ್ಕದಿರುವಾಗ ಅವ್ರ ಫ್ಯಾಮಿಲಿಯನ್ನು ಸೋಲ್ಜರ್ಸ್ ಕರ್ಕೊಂಡು ಹೋದ್ರು. ಮೇಲಿನ ಫ್ಲೋರಿನ ಅಂಕಲ್ ಕಿಟಕಿಯಿಂದ ನೋಡಿ ಕರ್ಟನ್ ಎಳ್ದ್ರು. ಹಿ ವಾಸ್ ಎ ಗುಡ್ ಮ್ಯಾನ್. ಅಜ್ಜಿಗೆ ಶೂ ಲೇಸ್ ಕಟ್ಲಿಕ್ಕೆ ಕಲಿಸಿದ್ದು ಅವ್ರೇ. ಅಜ್ಜಿ ಹೇಳಿದ್ರು, ನನಗೆ ಅವರ ಮೇಲೆ ಸಿಟ್ಟಿಲ್ಲ. ಆದ್ರೆ ಆ ದಿನ ಸಂಜೆ ಅವರು ಮನೆಯಲ್ಲಿ ಎಂತ ಊಟ ಮಾಡಿದ್ರು ಅಂತ ಒಂದು ನನಗೆ ತಿಳಿಬೇಕು ಅಂತ."

ಧನರಾಜರ ಬೆರಳು ಅನ್ನದಲ್ಲೇ ಇತ್ತು. ಮಗಳು ಅಪ್ಪನನ್ನು ಚುಚ್ಚಲು ಹೇಳಿದ್ದಲ್ಲ, ಅವಳ ಕಣ್ಣಲ್ಲಿ ನೀರಿತ್ತು. ತನ್ನ ಪುಸ್ತಕದಿಂದ ಬಾವಾ ಅಂಕಲ್ ಜೈಲಿಗೆ ಹೋಗುತ್ತಾರೆ ಎಂದು ಆ ಹುಡುಗಿ ನಡುಗುತ್ತಿದ್ದಳು. ಧನರಾಜರು ತಟ್ಟೆ ಸರಿಸಿದರು. ಎದ್ದು ಕೈ ತೊಳೆದರು.

"ನಾಳೆ ಹೇಳ್ತೇನೆ," ಎಂದರು ಆಶಾಲತಾರಿಗೆ. "ನಾವು ಊರಿಗೆ ಹೋಗ್ಬೇಕಾದೀತು."

"ಹೋಗುವ," ಎಂದರು ಆಶಾಲತಾ. ಅವರ ದನಿಯೂ ಗಟ್ಟಿ ಇರಲಿಲ್ಲ.

ಬೆಳಿಗ್ಗೆ ಧನರಾಜರು ಎಲ್ಲರಿಗಿಂತ ಮೊದಲು ಸ್ಟೋರ್ ತೆರೆದು ಪೊಟ್ಟಣ ತೆಗೆದರು. ಅಬು ನಾಸರರ ಕೋಣೆಯಲ್ಲಿ ಬಾವಾರು ಆಗಲೇ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಠಾಣೆಗೆ ಹೋಗಲು ತಯಾರಾಗಿ ಬಂದವರಂತಿದ್ದರು. ಧನರಾಜರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

"ಬಾಬಾ, ಇದು ನನ್ನ ಮಗಳದ್ದು. ಬಾವಾ ಸುಳ್ಳು ಹೇಳಿದ್ದು ನನಗೋಸ್ಕರ. ನಿನ್ನೆ ನಾನು ಇಲ್ಲೇ ನಿಂತು ಬಾಯಿ ಮುಚ್ಚಿಕೊಂಡೆ."

ಅಬು ನಾಸರ್ ನಕ್ಷತ್ರವನ್ನು ನೋಡಿದರು. ಹಣೆ ಗಂಟಿಕ್ಕಿತು. ಚಾಕು ತೆಗೆದು ಕಾಗದ ಸೀಳಿದರು. ಒಂದು ಪುಸ್ತಕ, ಒಂದು ಸರ್ಟಿಫಿಕೇಟ್. ಪುಸ್ತಕ ತೆರೆದರೆ ಫೋಟೋ, ಗಂಟುಮೂಟೆ ಹೊತ್ತು ಸಾಲಾಗಿ ನಿಂತ ಜನ, ಗೊಂಬೆ ಹಿಡಿದ ಒಂದು ಮಗು. ಅದೇ ಹೊತ್ತಿಗೆ ಗೋಡೆಯ ಟಿವಿಯಲ್ಲಿ ದನಿಯಿಲ್ಲದೆ ಗಾಜಾದ ಜನ ಗಂಟುಮೂಟೆ ಹೊತ್ತು ನಡೆಯುತ್ತಿದ್ದರು.

"ಇಸ್ರಾಯೀಲ್?" ಎಂದರು.

"ಲಾ ಬಾಬಾ, ಅಲ್ಲ. ಕೆನಡಾ. ಅಲ್ಲಿ ಒಬ್ಬಳು ಮುದುಕಿ ತನ್ನ ಮನೆಯವರು ಸತ್ತ ಕತೆ ಹೇಳ್ತಾಳೆ. ನನ್ನ ಮಗಳು ಕೇಳ್ತಾಳೆ. ಅಷ್ಟೇ."

ಅಬು ನಾಸರ್ ಪುಸ್ತಕ ಮುಚ್ಚಿ, ಬೆರಳ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದರು. "ತೆಗೆದುಕೊಂಡು ಹೋಗು. ನನ್ನ ಬಾಕ್ಸಿಗೆ ಇನ್ನೊಮ್ಮೆ ಬಂದರೆ ನೀನು ಇಲ್ಲಿರುವುದಿಲ್ಲ. ಇಕಾಮಾ ರಿನ್ಯೂಗೆ ಬಂದಾಗ ನಿನ್ನ ವಿಷಯ ನೋಡುತ್ತೇನೆ." ಎರಡೂ ಕೀಗಳನ್ನು ಬಾವಾರ ಕಡೆ ಸರಿಸಿ, ಟಿವಿಯ ದನಿ ಏರಿಸಿದರು.

ನೋಡುತ್ತೇನೆ ಎಂದರೆ ಏನು? ಮಾಡುತ್ತೇನೆ ಎಂದೋ, ಮಾಡುವುದಿಲ್ಲ ಎಂದೋ? ಇನ್ನು ಆರೇಳು ತಿಂಗಳು ಈ ಒಂದು ಮಾತನ್ನು ತಿರುವಿ ತಿರುವಿ ಬದುಕಬೇಕು. ಧನರಾಜರು ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ಬಂದರು. ಅಂಗಳದಲ್ಲಿ ಬಾವಾರು ಕಾರಿನ ಬಾಗಿಲು ತೆರೆದು ಬಿಸಿ ಹೊರಹೋಗಲೆಂದು ಕಾಯುತ್ತಿದ್ದರು.

"ಬಾವಾಕ, ನಿಮ್ಮ ಕಾಲು ಹಿಡ್ಕೊಳ್ಳುವುದೊಂದು ಬಾಕಿ," ಎಂದರು ಧನರಾಜರು. "ತಪ್ಪಾಯ್ತು."

"ಬಿಡು ಮಾರಾಯ. ಆ ಹುಡುಗಿಯ ಹೆಸರು ನೋಡಿದೆ, ಪಕ್ಕದಲ್ಲಿದ್ದ ಚಿತ್ರವನ್ನೂ ನೋಡಿದೆ. ಇದು ಅಬು ನಾಸರನ ಮೇಜಿಗೆ ಹೋದ್ರೆ ನಿನ್ನ ಹಾರ್ಟ್ ನಿಂತೀತು ಅಂತ ಅಡಗಿಸಿದೆ. ಅಷ್ಟೇ." ಬಾವಾರು ಬಿಸಿಯಾದ ಸ್ಟೇರಿಂಗಿನ ಮೇಲೆ ಟವೆಲ್ ಹಾಸಿದರು. "ನೀನು ದಿನಾ ಗೇಟಿನಲ್ಲಿ ನಿಂತದ್ದು ಇದಕ್ಕೇ ಅಲ್ವಾ?"

"ಹೌದು."

"ಕಫೀಲನಿಗೆ ಹೆದರಿದ್ದು ಸರಿ, ಇಕಾಮಾ ಅವನ ಕೈಯಲ್ಲುಂಟು. ಪೊಲೀಸರಿಗೆ ಹೆದರಿದ್ದೂ ಸರಿ. ನನ್ನ ಕೈಯಲ್ಲಿ ಎಂತ ಉಂಟು ಧನು? ನನಗೆ ಎಂತಕ್ಕೆ ಹೆದರಿದ್ದು ನೀನು?"

ಧನರಾಜರಿಗೆ ಉತ್ತರ ಗೊತ್ತಿತ್ತು, ವಾಟ್ಸಾಪಿನಲ್ಲಿ ದಿನಾ ಓದಿದ ಅದೇ ಮಾತು. ಬಾವಾರಿಗೂ ಗೊತ್ತಿತ್ತೆಂದು ಅವರ ಮುಖವೇ ಹೇಳುತ್ತಿತ್ತು. ಆದರೂ ಬಾವಾರು ಸ್ವಲ್ಪ ಹೊತ್ತು ಕಾದರು, ಬೇರೆ ಯಾವುದಾದರೂ ಕಾರಣ ಸಿಕ್ಕೀತೋ ಎಂಬಂತೆ. ಆಮೇಲೆ ಕಾರು ಹತ್ತಿ, ಟಪಾಲು ತರಲು ಹೊರಟುಹೋದರು.